ಕುಸಿದ ಗೋಡೆಗೊಂದು ಬಳ್ಳಿ

ಮದುವೆಯಾಗಿ ಗೌರಿಬಿದನೂರಿನಿಂದ ಶಿಡ್ಲಘಟ್ಟಕ್ಕೆ ಬಂದಾಗ ಆ ಮನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಹಿತ್ತಲಿನ ಕುಸಿದ ಗೋಡೆ. ಗಂಡ ಹಿಡಿಸಲಿಲ್ಲವೆಂದಲ್ಲ. ಅವರು ಬೆಳಿಗ್ಗೆ ಕಚೇರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು, ಬಂದ ಮೇಲೂ ‘ಹೂಂ’, ‘ಉಹೂಂ’ ಬಿಟ್ಟರೆ ಮೂರನೆಯ ಮಾತಿರಲಿಲ್ಲ. ಅತ್ತೆಯ ಬಾಯಲ್ಲಿ ಬರುತ್ತಿದ್ದುದೆಲ್ಲ ಅಪ್ಪಣೆಗಳೇ. ಹತ್ತೊಂಬತ್ತು ವರ್ಷದ ವಾಚಾಳಿ ನಾನು. ಮಾತಿಲ್ಲದೆ ಹೊಟ್ಟೆ ಉಬ್ಬರಿಸಿದಂತಾಗುತ್ತಿತ್ತು.

ಹಿಂದಿನ ಮಳೆಗಾಲದಲ್ಲಿ ಆ ಗೋಡೆಯ ನಡುಭಾಗ ಕುಸಿದು, ಗದ್ದ ಊರಿ ನಿಲ್ಲಲು ಸರಿಯಾದ ಎತ್ತರಕ್ಕೆ ಇಳಿದಿತ್ತು. ಆಚೆ ಕಡೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಸಾಹೇಬರ ಮನೆ. ಅಲ್ಲಿಗೆ ಚಿಂತಾಮಣಿಯಿಂದ ಬಂದ ಸೊಸೆಗೂ ನನ್ನದೇ ವಯಸ್ಸು, ನನ್ನದೇ ಗತಿ. ಅವಳ ಉರ್ದು, ನನ್ನ ತೆಲುಗು, ಇಬ್ಬರ ಕನ್ನಡ ಎಲ್ಲ ಬೆರೆಸಿ ದಿನಾ ಮಧ್ಯಾಹ್ನ ಹರಟುತ್ತಿದ್ದೆವು. ಗೋಡೆ ಯಾರಿಗೆ ಸೇರಿದ್ದೆಂದು ಎರಡೂ ಮನೆಯವರಿಗೆ ಖಾತ್ರಿಯಿಲ್ಲದ ಕಾರಣ ಯಾರೂ ಅದನ್ನು ಕಟ್ಟಿಸುವ ಗೋಜಿಗೆ ಹೋಗಿರಲಿಲ್ಲ.

ಒಂದು ದಿನ ಅತ್ತೆ ಹೇಳಿದರು: “ಗೂಡು ಬೇಯ್ಸೋ ವಾಸ್ನೆ ತಡಿಯಕ್ಕಾಗಲ್ಲ ಕಣೇ. ಆ ಗೋಡೆಗೊಂದು ಬಳ್ಳಿ ಹಬ್ಬಿಸ್ಬೇಕು.”

ಆ ವಾಸನೆಯಲ್ಲೇ ಮೂವತ್ತು ವರ್ಷ ಸಂಸಾರ ಮಾಡಿದವರ ಮೂಗು ಈಗ ಏಕಾಏಕಿ ಚುರುಕಾದದ್ದೇಕೆಂದು ನನಗೆ ತಿಳಿಯದೇ ಇರಲಿಲ್ಲ. ಆದರೆ ಅವರು ಒಂದು ತಪ್ಪು ಮಾಡಿದರು. ತರಕಾರಿ ಬೆಳೆಯುವ ಮನೆಯ ಹುಡುಗಿಯೆಂದು ಬಳ್ಳಿಯ ಆಯ್ಕೆಯನ್ನು ನನಗೇ ಬಿಟ್ಟರು.

ಆ ಗೋಡೆಗೆ ದಿನವೆಲ್ಲ ನಮ್ಮ ಹೊಂಗೆ ಮರದ ನೆರಳು. ಸಂಜೆ ಸ್ವಲ್ಪ ಹೊತ್ತು ಮಾತ್ರ ಕೊಂಬೆಗಳ ಕೆಳಗಿಂದ ಬಿಸಿಲು ನುಸುಳಿ ನೇರ ಮುಖಕ್ಕೆ ಹೊಡೆಯುತ್ತಿತ್ತು. ಇಂಥ ಜಾಗದಲ್ಲಿ ಯಾವ ಬಳ್ಳಿ ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. “ಹೀರೆ ಹಾಕೋಣ ಅತ್ತೆ” ಎಂದೆ.

ಹೀರೆ ನನಗಿಂತ ಜಾಣೆ. ನೆರಳು ಒಲ್ಲದೆ ಕುಸಿದ ಜಾಗದಿಂದಲೇ ಗೋಡೆ ಹಾರಿ, ಆಚೆಯ ಬಿಸಿಲಿಗೆ ಹೋಗಿ ಅಲ್ಲೇ ಕಾಯಿ ಬಿಟ್ಟಿತು. ದಿನಾ ಕೂಗು ಬರುತ್ತಿತ್ತು: “ಅಕ್ಕಾ, ನಿಮ್ದು ಹೀರೇಕಾಯಿ!” ಒಂದು ಕಾಯಿ ಇಸಿದುಕೊಳ್ಳಲು ನನಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಅತ್ತೆ ಬಳ್ಳಿಯನ್ನು ಬುಡಸಮೇತ ಕಿತ್ತೆಸೆದರು. ಆಮೇಲೆ ನಾನು ಚಪ್ಪರದವರೆ ಹಾಕಿದೆ. ಅದು ಹೇನು ಹತ್ತಿ, ಮೊಳದುದ್ದ ಬೆಳೆದು ಸತ್ತಿತು. ಮೂರನೆಯ ಸಲ ಅತ್ತೆ ನನ್ನನ್ನು ಕೇಳಲಿಲ್ಲ. ತಮ್ಮ ತವರೂರು ಸಾದಲಿಯಿಂದ ವೀಳ್ಯದೆಲೆ ಬಳ್ಳಿಯ ತುಂಡು ತಂದು ತಾವೇ ನೆಟ್ಟರು. ನೆರಳೆಂದರೆ ಅದಕ್ಕೆ ಪ್ರಾಣ.

“ಮೈಲಿಗೇಲಿ ಮುಟ್ಟಿದ್ರೆ ಸೊರಗೋಗುತ್ತೆ. ನಾನು ಸ್ನಾನ ಮಾಡಿ ನೀರು ಹಾಕ್ತೀನಿ. ನೀನು ಆ ಕಡೆ ಸುಳೀಲೇಬೇಡ” ಎಂದು ತಾಕೀತು ಮಾಡಿದರು.

ಎಲೆ ಕೊಯ್ಯುವಂತಾಗಲು ವರ್ಷ ಹಿಡಿಯಿತು. ಆ ವರ್ಷವಿಡೀ ನಾವಿಬ್ಬರೂ ಬಟ್ಟೆ ಒಣಹಾಕುವ ನೆಪದಲ್ಲಿ ದೂರದಿಂದ ಕೈಸನ್ನೆ ಮಾಡಿಕೊಂಡೆವು. ಅವಳು ಬಸುರಿಯೆಂಬುದೂ ನನಗೆ ಸನ್ನೆಯಲ್ಲೇ ತಿಳಿದದ್ದು. ಅವತ್ತು ಬಚ್ಚಲುಮನೆಗೆ ಹೋಗಿ ಅತ್ತುಬಿಟ್ಟೆ. ಬಳ್ಳಿಗೆ ಮನಸಾರೆ ಶಾಪ ಹಾಕಿದೆ. ಅದು ಇನ್ನಷ್ಟು ಚಿಗುರಿತು.

ಬೇರೆ ಯಾರೂ ಮುಟ್ಟುವಂತಿಲ್ಲವಾದ್ದರಿಂದ ಊಟವಾದ ಮೇಲೆ ಅತ್ತೆಯೇ ಎಲೆ ಕೊಯ್ಯಲು ಹೋಗಬೇಕಾಯಿತು. ಒಂದು ದಿನ ಆಚೆಯಿಂದ ಆ ಮನೆಯ ಮುದುಕಿ, ನನ್ನ ಗೆಳತಿಯ ಅತ್ತೆ, ಇಣುಕಿದರು. “ಎಲೆ ಭಾಳ ಚೆನ್ನಾಗಿ ಬಂದೈತಲ್ಲಮ್ಮ.” ನಮ್ಮತ್ತೆಗೆ ಅಂಥ ಮಾತು ಯಾರಿಂದಲೂ ಕೇಳಿ ಅಭ್ಯಾಸವಿರಲಿಲ್ಲ. ತಡಬಡಾಯಿಸಿ ನಾಲ್ಕು ಎಲೆ ಕೊಟ್ಟರು. ಮರುದಿನ ಆ ಕಡೆಯಿಂದ ಅಡಿಕೆ ಬಂತು. ಅದರ ಮರುದಿನ ಸುಣ್ಣದ ಡಬ್ಬಿ. ತಿಂಗಳು ಕಳೆಯುವಷ್ಟರಲ್ಲಿ ನಮ್ಮತ್ತೆ ಅಲ್ಲಿ ಒಂದು ಗಂಟೆ ನಿಲ್ಲುತ್ತಿದ್ದರು, ಮಂಡಿ ನೋವು ಎನ್ನುತ್ತಲೇ.

ನನಗೆ ಮೈಯೆಲ್ಲ ಉರಿಯಿತು. ಕೇಳಿಯೇಬಿಡೋಣವೆಂದು ಒಂದು ಮಧ್ಯಾಹ್ನ ಹಿತ್ತಲಿಗೆ ಹೋದೆ. ಬಳ್ಳಿ ಆಗಲೇ ಗೋಡೆಯನ್ನೆಲ್ಲ ಮುಚ್ಚಿ, ಒಂದು ಎಳೆಯ ಕುಡಿ ಕುಸಿದ ಜಾಗಕ್ಕೆ ಅಡ್ಡಲಾಗಿ ಚಾಚಿಕೊಂಡಿತ್ತು. ಅತ್ತೆ ಅದನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ, ಬಾಳೆನಾರಿನಿಂದ ಬಿಗಿದು ಕಟ್ಟುತ್ತಿದ್ದರು. ಆಚೆ ನಿಂತ ಮುದುಕಿ ನಾರು ಹಿಡಿದುಕೊಂಡಿದ್ದರು. ಅತ್ತೆ ಏನೋ ಹೇಳಿ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮೂವತ್ತು ವರ್ಷ ಆ ಮನೆಯಲ್ಲಿ ಅವರು ಯಾರೊಂದಿಗೆ ಮಾತಾಡಿದ್ದರು?

ನನ್ನನ್ನು ಕಂಡದ್ದೇ ಅವರ ಮುಖ ಮೊದಲಿನಂತಾಯಿತು.

“ಏನೇ ನೋಡ್ತಾ ನಿಂತಿದೀಯ? ನೆರಳಿರೋವರ್ಗೂ ಈ ಜಾಗ ನಮ್ದು. ಸಂಜೆ ಬಿಸಿಲು ಬಂದ್ಮೇಲೆ ನೀವಿಬ್ರು ಸೊಸೇರೂ ಬಂದು ನಿಂತ್ಕೊಳ್ಳಿ, ಹೋಗು.”