ಸಿಪ್ಪೆ ತುರಿದ ನಿಂಬೆಹಣ್ಣುಗಳು

ತಂಗಿ ಬಾಣಂತಿಯಾಗಿ ಪಾಂಡವಪುರದ ನಮ್ಮ ತವರುಮನೆಯಲ್ಲಿದ್ದಾಗ ನಾನು ಅವಳಿಗೆ ನಿಂಬೆಹಣ್ಣಿನ ಬಿಸ್ಕತ್ತು ಮಾಡಿಕೊಟ್ಟೆ. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಅವಳು ಕೇಳಿದ್ದಕ್ಕೆ ಮಾಡಿದೆನೋ, ನಾನಾಗಿಯೇ ಮಾಡಿದೆನೋ ಎಂಬುದರಲ್ಲಿ ಒಪ್ಪಿಗೆಯಿಲ್ಲ. ಎಂಟು ವರ್ಷವಾಯಿತು. ಈ ಬಗ್ಗೆ ಯಾರೂ ಜಗಳವಾಡಿಲ್ಲ. ಆಡಿದ್ದರೆ ಎಲ್ಲಾದರೂ ಒಂದು ಕಡೆ ನಿಲ್ಲುತ್ತಿತ್ತು.

ನಾನು ನಾಗಮಂಗಲದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಆಗ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಈಗಲೂ ಇಲ್ಲ. ತಂಗಿಯನ್ನು ಕೊಟ್ಟಿದ್ದು ಕೆ.ಆರ್. ಪೇಟೆಗೆ, ಎರಡನೇ ವರ್ಷಕ್ಕೇ ಹೆಣ್ಣುಮಗು. ಆ ದಿನಗಳಲ್ಲಿ ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ, ಜಕ್ಕನಹಳ್ಳಿ ಹಾದು ಹೋಗುವ ಬಸ್ಸು ಹಿಡಿದು ತವರಿಗೆ ಬರುತ್ತಿದ್ದೆ. ತಂಗಿಯನ್ನು ನೋಡಲು ಬರುತ್ತಿದ್ದೆ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಮಗುವನ್ನು ಎತ್ತಿಕೊಳ್ಳಲು ಬರುತ್ತಿದ್ದೆ.

ಬಸ್ಸಿಳಿದು ಬಂದವಳು ಕೈಕಾಲು ತೊಳೆದು, ಸೀರೆ ಬದಲಿಸಿ, ಒಳಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವ್ವ ನನ್ನನ್ನು ಕೂರಿಸಿ, ಮಗುವನ್ನು ತಂದು ಮಡಿಲಿಗೆ ಹಾಕುತ್ತಿದ್ದಳು. "ತಲೆ ಇಡ್ಕೊ ಮಗ, ಕತ್ತು ನಿಂತಿಲ್ಲ" ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಒಂಬತ್ತನೇ ತರಗತಿಯವರಿಗೆ ಅಸ್ಥಿಪಂಜರದ ಪಾಠ ಮಾಡುವ ನನಗೆ ಅದನ್ನು ಪ್ರತಿ ಸಲವೂ ಅವಳ ಬಾಯಿಂದ ಕೇಳಬೇಕೆನಿಸುತ್ತಿತ್ತು.

ಕೋಣೆ ಕತ್ತಲು. ಕಿಟಕಿಗೆ ಹಳೆ ಸೀರೆ ಕಟ್ಟಿತ್ತು. ತಂಗಿಯ ಕಿವಿಯಲ್ಲಿ ಹತ್ತಿ, ತಲೆಗೆ ಬಟ್ಟೆ. ಮೂರು ಹೊತ್ತೂ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ತುಪ್ಪ, ಅನ್ನ. ನೀರು ಕೂಡ ಅಳೆದು ಕೊಡುತ್ತಿದ್ದಳು ಅವ್ವ. ಹುಳಿಯಂತೂ ಕೂಡದು. ತಾಯಿ ಹುಳಿ ತಿಂದರೆ ಹಾಲು ನಂಜಾಗುತ್ತದೆ, ಮಗುವಿನ ಹೊಟ್ಟೆ ಕೆಡುತ್ತದೆ. ಇದು ನಮ್ಮ ಕಡೆ ಯಾರೂ ಯಾರಿಗೂ ಕಲಿಸಬೇಕಿಲ್ಲದ ಪಾಠ. ನೋಡಲು ಬಂದವರು ತರುತ್ತಿದ್ದ ಬ್ರೆಡ್ಡು, ರಸ್ಕು ಮಾತ್ರ ಕೋಣೆಯ ಗೂಡಿನಲ್ಲಿ ಪೇರಿಸಿಟ್ಟಿರುತ್ತಿತ್ತು. ಬಿಸ್ಕತ್ತಿಗೆ ಬಾಣಂತಿಯ ಕೋಣೆಯಲ್ಲಿ ಅಡ್ಡಿಯಿರಲಿಲ್ಲ. ಮುಂದಿನದೆಲ್ಲ ಆದದ್ದು ಇದರಿಂದ.

"ನಾಲ್ಗೆ ಸತ್ತೋಗೈತೆ ಕಣಕ್ಕ" ಎಂದಳು ತಂಗಿ, ಒಂದು ಶನಿವಾರ. "ಒಂದ್ ಚೂರು ಉಳಿ ಬೇಕು. ಉಪ್ಪಿನ್ಕಾಯಿ ನೆಕ್ಕಿದ್ರೂ ಸಾಕು."

"ಅವ್ವ ನಿನ್ ನಾಲ್ಗೆ ಕಿತ್ತು ಗೋಡೆಗೆ ತಗುಲಾಕ್ತಾಳೆ."

"ಕೀಳ್ಲಿ ಬುಡು. ಎಂಗಿದ್ರೂ ಕೆಲ್ಸಕ್ ಬತ್ತಿಲ್ಲ."

ಇಬ್ಬರೂ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕೆವು. ಇದು ನನಗೆ ಚೆನ್ನಾಗಿ ನೆನಪಿದೆ. ಮುಂದಿನ ಮಾತೂ ನೆನಪಿದೆ: "ಏನಾರ ಮಾಡಕ್ಕ, ಅವ್ವಂಗೆ ಗೊತ್ತಾಗ್ದಂಗೆ." ಆದರೆ ಈ ಕೊನೆಯ ಮಾತನ್ನು ನಾನು ಎಷ್ಟು ಸಲ ನನ್ನೊಳಗೇ ಆಡಿಸಿದ್ದೇನೆಂದರೆ, ಈಗ ಅದು ಅವಳ ದನಿಯಲ್ಲಿ ಕೇಳುತ್ತದೋ ನನ್ನ ದನಿಯಲ್ಲೋ ಹೇಳಲಾರೆ. ಬಿಸ್ಕತ್ತು ಎಂಬ ಮಾತು ಅವಳ ಬಾಯಿಂದ ಬಂದಿರಲಾರದು. ಆಗ ನಮ್ಮಲ್ಲಿ ಯಾರೂ ಮನೆಯಲ್ಲಿ ಬಿಸ್ಕತ್ತು ಸುಡುತ್ತಿರಲಿಲ್ಲ. ನಾನು ಅದಕ್ಕೂ ಮೊದಲೇ ಫೋನಿನಲ್ಲಿ ವಿಡಿಯೊ ನೋಡಿ, ನಾಗಮಂಗಲದ ಮನೆಯಲ್ಲಿ ಎರಡು ಸಲ ಮಾಡಿ, ಎರಡೂ ಸಲ ಕೆಡಿಸಿದ್ದೆ.

ಕೆಡಿಸಿದ್ದು ತುರಿಯುವಾಗ. ನಿಂಬೆಯ ರಸದಲ್ಲಿ ಬರೀ ಹುಳಿ. ಪರಿಮಳವೆಲ್ಲ ಸಿಪ್ಪೆಯ ಮೇಲಿನ ಹಳದಿಯಲ್ಲಿ, ಕಾಗದದಷ್ಟು ತೆಳ್ಳಗೆ. ಅದರ ಕೆಳಗೆ ಬಿಳಿ. ಒಂದೆಳೆ ಬಿಳಿ ಬಂದರೂ ಇಡೀ ಹಿಟ್ಟು ಕಹಿ. ಕೈ ನಿಲ್ಲಿಸಬೇಕಾದ ಜಾಗ ಕಣ್ಣಿಗೆ ಕಾಣುವುದಕ್ಕೆ ಮೊದಲು ಬೆರಳಿಗೆ ತಿಳಿಯಬೇಕು. ಮೂರನೇ ಸಲಕ್ಕೆ ನನಗೆ ಅದು ತಿಳಿದಿತ್ತು.

ಮರುದಿನ ಭಾನುವಾರ. ತಂಗಿಗೂ ಮಗುವಿಗೂ ಎಣ್ಣೆನೀರು ಆಗಿ, ಸಾಂಬ್ರಾಣಿ ಹೊಗೆ ಮನೆ ತುಂಬಿತ್ತು. ಅವ್ವ ಡೈರಿಗೆ ಹಾಲು ಹಾಕಿ ಬಂದು, ಮತ್ತೆ ಹಿಂದಿನ ಬೀದಿಯಲ್ಲಿ ಯಾರದೋ ತಿಥಿಗೆಂದು ಹೋದಳು. ಹಿತ್ತಲ ಗಿಡದಿಂದ ಅವಳು ಕಿತ್ತಿಟ್ಟಿದ್ದ ಆರು ನಿಂಬೆಹಣ್ಣು ಅಡುಗೆಮನೆಯ ಪುಟ್ಟಿಯಲ್ಲಿದ್ದವು. ಶುಂಠಿ ತುರಿಯುವ ಸಣ್ಣ ಮಣೆಯಲ್ಲಿ ಆರರದ್ದೂ ಹಳದಿ ತೆಗೆದೆ. ಬೆಣ್ಣೆ, ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ, ಮೈದಾ, ಚಿಟಿಕೆ ಸೋಡಾ. ಅರ್ಧ ಹಣ್ಣಿನ ರಸವನ್ನೂ ಹಿಂಡಿದೆ. ಅನುಮಾನ ಬಾರದಿರಲೆಂದು ಏಲಕ್ಕಿ. ಗ್ಯಾಸ್ಕೆಟ್ಟು, ಸೀಟಿ ತೆಗೆದ ಕುಕ್ಕರಿನಲ್ಲಿ ಎರಡು ಬೆರಳು ಮರಳು ಕಾಯಿಸಿ, ತಟ್ಟೆಯಲ್ಲಿ ಎಂಟೆಂಟರಂತೆ ಸುಟ್ಟೆ. ಅಂಚು ಕೆಂಪಗಾಯಿತು, ನಡು ಬೆಳ್ಳಗುಳಿಯಿತು. ಕಹಿಯಿರಲಿಲ್ಲ.

ತಂಗಿ ಒಂದನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಅಗಿಯಲಿಲ್ಲ. ಅದು ಕರಗುವವರೆಗೆ ಮಗು ನನ್ನ ಮಡಿಲಲ್ಲಿತ್ತು. ಆಮೇಲೆ ಐದು ತಿಂದಳೋ ಆರೋ.

ಇಲ್ಲಿ ನಿಂತು ಒಂದು ಮಾತು ಹೇಳಬೇಕು, ಯಾಕೆಂದರೆ ಇದನ್ನು ಹೇಳದಿದ್ದರೆ ಕಥೆ ಚೆನ್ನಾಗಿ ಓಡುತ್ತದೆ. ನಂಜನ್ನು ನಾನು ನಂಬಿದ್ದೆನೆ? ನಂಬಿದ್ದರೆ, ಮಗುವಿಗೆ ಕೆಡುಕಾಗಬಹುದೆಂದು ತಿಳಿದೂ ಕೊಟ್ಟೆ. ನಂಬಿರದಿದ್ದರೆ ಏಲಕ್ಕಿ ಯಾಕೆ ಹಾಕಿದೆ? ವಿಜ್ಞಾನದ ಟೀಚರಾಗಿ ನನ್ನ ಉತ್ತರ ಒಂದು. ಆ ಅಡುಗೆಮನೆಯಲ್ಲಿ ನಿಂತ ಹೆಂಗಸಿನ ಉತ್ತರ ನನಗೆ ಗೊತ್ತಿಲ್ಲ. ಬೋಳಾದ ಐದು ಹಣ್ಣುಗಳನ್ನು ನನ್ನ ಬ್ಯಾಗಿಗೆ ಹಾಕಿಕೊಳ್ಳಬಹುದಿತ್ತು. ರಸ ಹಾಗೇ ಇದೆ, ನಾಳೆ ಚಿತ್ರಾನ್ನಕ್ಕಾಗುತ್ತದೆ ಎಂದು ಮತ್ತೆ ಪುಟ್ಟಿಗೆ ಹಾಕಿ, ಮೇಲೆ ಈರುಳ್ಳಿ ಮುಚ್ಚಿಟ್ಟೆ. ಹಣ್ಣು ದಂಡವಾಗಬಾರದು ಎಂಬ ಹಳೆಯ ಅಭ್ಯಾಸ. ಅಷ್ಟೇ ಇರಬೇಕು.

ಮಧ್ಯಾಹ್ನ ತಂಗಿಯ ಅತ್ತೆ ಕೆ.ಆರ್. ಪೇಟೆಯಿಂದ ಬ್ರೆಡ್ಡು, ಬೆಳ್ಳುಳ್ಳಿ ತೆಗೆದುಕೊಂಡು ಬಂದರು. ದಪ್ಪ ದನಿಯ, ತಮಾಷೆಯ ಹೆಂಗಸು. ಅವರು ಬಂದು ಸ್ವಲ್ಪ ಹೊತ್ತಿಗೆ ಮಗು ಅಳತೊಡಗಿತು. ಮೊಲೆ ಹಿಡಿಯಲಿಲ್ಲ. ನಾಲ್ಕು ಸಲ ಹಸಿರಾಗಿ ಭೇದಿಯಾಯಿತು. ಬಜೆ ತೇಯ್ದು ನೆಕ್ಕಿಸಿದರು, ಹೊಟ್ಟೆಗೆ ಹರಳೆಣ್ಣೆ ಸವರಿದರು. ಹೊತ್ತು ಮುಳುಗುವಾಗಲೂ ಅಳು ನಿಂತಿರಲಿಲ್ಲ. ತಂಗಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇಬ್ಬರ ತಲೆಯಲ್ಲೂ ಒಂದೇ ಇತ್ತು.

"ದೃಷ್ಟಿಯಾಗೈತೆ ಬೀಗ್ತಿ. ಒಂದು ನಿಂಬೆಹಣ್ಣು ತನ್ನಿ, ನಿವಾಳಿಸಿ ಬಿಸಾಕವ" ಎಂದರು ಅತ್ತೆ.

ಅವ್ವ ಪುಟ್ಟಿಗೆ ಕೈಹಾಕಿದಳು. ಬಾಗಿಲಿಗೆ ಬಂದು ನಿಂತವಳ ಅಂಗೈಯಲ್ಲಿ ಒಂದು ಬಿಳಿ ಉಂಡೆಯಿತ್ತು. ಬೆಳಗಿನಿಂದ ಒಣಗಿ, ಅಲ್ಲಲ್ಲಿ ಕಂದುಗಟ್ಟಿ, ಗೀರುಗೀರಾಗಿತ್ತು. ಅವಳು ಅದನ್ನು ಗುರುತಿಸಲಾರದೆ ತಿರುಗಿಸಿ ತಿರುಗಿಸಿ ನೋಡಿದಳು. ಒಳಗೆ ಹೋಗಿ ಇನ್ನೊಂದು ತಂದಳು. ಅದೂ ಹಾಗೇ.

ಅತ್ತೆ ನಕ್ಕರು. "ಇದೇನ್ ಬೀಗ್ತಿ, ನಿಮ್ಮೂರಲ್ಲಿ ನಿಂಬೆಹಣ್ಗೂ ಮುಡಿ ಕೊಡುಸ್ತೀರಾ?"

ಯಾರೂ ನಗಲಿಲ್ಲ. ಗಿಡದಲ್ಲಿ ಹಣ್ಣಿದ್ದವು, ಆದರೆ ದೀಪ ಹಚ್ಚಿದ ಮೇಲೆ ಗಿಡ ಮುಟ್ಟುವಂತಿಲ್ಲ. ಮಗು ಅಳುತ್ತಲೇ ಇತ್ತು. ಅವ್ವ ಕೇಳಿದಳು, "ಯಾರವ್ವ ಇಂಗೆ ಮಾಡಿದ್ದು?"

ಅವಳು ನನ್ನನ್ನು ಕೇಳಿದಳೆಂದು ನನ್ನ ನೆನಪು. ಉತ್ತರ ಬಂದದ್ದು ಹಾಸಿಗೆಯಿಂದ.

"ಅಕ್ಕ ಬಿಸ್ಕತ್ ಮಾಡಿದ್ಲು. ಅದಕ್ಕೇನ್ ಆಕವ್ಳೆ ಅಂತ ನಂಗೇನ್ ಗೊತ್ತು."

ಇದು ನಿಜ, ಈ ಮಾತು. ಇದನ್ನು ನಾನು ಹುಟ್ಟಿಸಿಕೊಂಡಿಲ್ಲ. ಅವಳ ಮುಖ ಗೋಡೆಯ ಕಡೆಗಿತ್ತು, ಕಿವಿಯ ಹತ್ತಿ ಕಾಣುತ್ತಿತ್ತು. ಇನ್ನೂ ಆರು ತಿಂಗಳು ಬಿಟ್ಟು ಆ ಅತ್ತೆಯ ಮನೆಗೆ ಹೋಗಿ ಬದುಕಬೇಕಾದವಳು ಅವಳು. ಆ ಕ್ಷಣದಲ್ಲಿ ನನಗೆ ಇದು ಹೊಳೆಯಿತು, ಅದಕ್ಕೇ ಸುಮ್ಮನಿದ್ದೆ ಎಂದು ಬಹಳ ಕಾಲ ಹೇಳಿಕೊಂಡೆ. ತಂಗಿಗಾಗಿ ಸುಮ್ಮನಾದ ಅಕ್ಕ. ಈ ಅಕ್ಕ ತೀರಾ ಒಳ್ಳೆಯವಳು; ನನಗೆ ಅವಳ ಪರಿಚಯವಿಲ್ಲ. ಹರಳೆಣ್ಣೆಯ ಬಟ್ಟಲನ್ನು ತೆಗೆದು ಗೂಡಿನಲ್ಲಿಟ್ಟೆ. ನನಗೆ ಖಚಿತವಿರುವುದು ಇಷ್ಟು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಓಗ್ಲಿ ಬುಡಿ. ಪಾಪ, ಅವ್ಳಿಗ್ ಎಂಗ್ ತಿಳೀಬೇಕು. ಎತ್ತೋರ್ಗ್ ತಾನೆ ಗೊತ್ತಾಗೋದು" ಎಂದರು. ಮೆತ್ತಗೆ ಹೇಳಿದರು, ಕರುಣೆಯಿಂದಲೇ.

ನಿಂಬೆಹಣ್ಣಿಲ್ಲದೆ ಕಲ್ಲುಪ್ಪು, ಒಣಮೆಣಸಿನಕಾಯಿ ನಿವಾಳಿಸಿ ನೀರೊಲೆಯ ಕೆಂಡಕ್ಕೆ ಹಾಕಿದರು. ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ದೃಷ್ಟಿಯಾಗಿದೆ. ನನಗೆ ಕೆಮ್ಮು ಬಂತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ.

"ನಮ್ಗ್ಯಾರ್ಗೂ ಘಾಟಿಲ್ಲ" ಎಂದರು ಅತ್ತೆ. "ಇವ್ಳೊಬ್ಳಿಗೇ ಬಂತಲ್ಲ."

ನನ್ನ ನೆನಪಿನಲ್ಲಿ ಅವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಎಷ್ಟೋ ವರ್ಷದ ಮೇಲೆ ಕೇಳಿದೆ. "ಇಲ್ಲ ಕಣ್ ಮಗ. ನಂಗೇನೂ ಬರ್ನಿಲ್ಲ" ಎಂದಳು. ಅವ್ವ ಸುಳ್ಳು ಹೇಳುವವಳಲ್ಲ. ಆದರೆ ಆ ಸೆರಗು ನನ್ನ ಕಣ್ಣ ಮುಂದಿದೆ, ಅದರ ಹಸಿರು ಅಂಚಿನ ಸಮೇತ.

ಬೆಳಿಗ್ಗೆ ಶಾಲೆಗೆ ರಜೆ ಹೇಳಿ ಆಟೊದಲ್ಲಿ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದೆವು. ಹೊಟ್ಟೆ ಒತ್ತಿ ನೋಡಿ, ತಾಯಿ ಒಂದೆರಡು ಬಿಸ್ಕತ್ತು ತಿಂದದ್ದಕ್ಕೆ ಹೀಗಾಗುವುದಿಲ್ಲ, ಎಳೆ ಮಕ್ಕಳಲ್ಲಿ ಹೀಗೆ ಆಗುತ್ತಿರುತ್ತದೆ, ಹಾಲು ಕುಡಿಸುತ್ತಾ ಇರಿ ಎಂದರು. ಆ ಕೊಠಡಿಯಲ್ಲಿ ತಂಗಿ, ಅವ್ವ, ಅತ್ತೆ, ನಾನು ನಾಲ್ವರೂ ಇದ್ದೆವು. ಎರಡು ದಿನಕ್ಕೆ ಮಗು ಸರಿಹೋಯಿತು. ಡಾಕ್ಟರ ಮಾತನ್ನು ನಾನೊಬ್ಬಳೇ ಮನೆಗೆ ತಂದೆ. ಉಳಿದವರು ದೃಷ್ಟಿ ತೆಗೆದದ್ದನ್ನು ತಂದರು.

ಮುಂದಿನ ಶನಿವಾರ ಕೈಕಾಲು ತೊಳೆದು ಕೋಣೆಯ ಬಾಗಿಲಲ್ಲಿ ನಿಂತೆ. "ಈಗ್ ತಾನೆ ಮಲುಗ್ತು ಮಗ" ಎಂದಳು ಅವ್ವ. ಅದರ ಮುಂದಿನ ಶನಿವಾರವೂ ಅದು ಈಗ ತಾನೇ ಮಲಗಿತ್ತು. ಕೆ.ಆರ್. ಪೇಟೆಯಲ್ಲಿ ತೊಟ್ಟಿಲು ಶಾಸ್ತ್ರದ ದಿನ ಹೆಂಗಸರು ಎರಡು ಸಾಲಾಗಿ ನಿಂತು ತೊಟ್ಟಿಲ ಮೇಲಿಂದ, ಕೆಳಗಿಂದ ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನು ಸಾಲಿನಲ್ಲಿದ್ದೆ, ಕೈ ಚಾಚಿದ್ದೆ. ಮಗು ನನ್ನ ಆಚೆಯವಳಿಂದ ನನ್ನನ್ನು ದಾಟಿ ಈಚೆಯವಳಿಗೆ ಹೋಯಿತು. "ಎಲೆ ಆಕ್ತಾವ್ರೆ, ಊಟದತ್ರ ಒಸಿ ನೋಡ್ಕೊಳವ್ವ" ಎಂದರು ಯಾರೋ. ಹೋಗಿ ನೋಡಿಕೊಂಡೆ. ಉಪ್ಪು ಬಡಿಸಿದೆ.

ಮಗುವಿಗೆ ಈಗ ಎಂಟು ವರ್ಷ. ಅತ್ತೆ ತೀರಿಕೊಂಡರು. ತಂಗಿ ಓವನ್ ಕೊಂಡಿದ್ದಾಳೆ. ಚಾಕೊಲೇಟು, ರಾಗಿ, ನಿಂಬೆ ಎಂದು ಬಗೆಬಗೆಯ ಕುಕ್ಕೀಸು ಮಾಡುತ್ತಾಳೆ. ಕಳೆದ ಬೇಸಿಗೆಯಲ್ಲಿ ಅವಳ ಮನೆಗೆ ಹೋಗಿದ್ದಾಗ ಪಕ್ಕದ ಮನೆಯವರೂ ಬಂದು ಕೂತಿದ್ದರು. ತಂಗಿ ಒಳ್ಳೆಯ ಗೆಲುವಿನಲ್ಲಿದ್ದಳು.

"ಇದಕ್ಕೆಲ್ಲ ನಮ್ಮಕ್ಕನೇ ಗುರು. ನಾನು ಬಾಣಂತಿ ಆಗಿದ್ದಾಗ ನಂಗೇ ಗೊತ್ತಿಲ್ದಂಗೆ ನಿಂಬೆಹಣ್ಣಿನ ಬಿಸ್ಕತ್ ತಿನ್ಸಿ, ಮಗೀಗೆ ಬೇದಿ ಅತ್ತಿ, ಮನೆಯೆಲ್ಲ ರಂಪ ಆಗೋಗಿತ್ತು."

ಎಲ್ಲರೂ ನಕ್ಕರು. ಮಗುವೂ ನಕ್ಕು ನನ್ನ ಕಡೆ ನೋಡಿತು. ನಾನೂ ನಕ್ಕೆನೆಂದು ಕಾಣುತ್ತದೆ.

ಅವರೆಲ್ಲ ಹೋದ ಮೇಲೆ ಅಡುಗೆಮನೆಗೆ ಹೋದೆ. ಅವಳು ನಿಂಬೆಹಣ್ಣು ತುರಿಯುತ್ತಿದ್ದಳು. ಈ ಮಾತನ್ನು ಕೇಳಲು ಈಗ ಯಾರ ಹೆದರಿಕೆಯೂ ಇರಲಿಲ್ಲ, ಹೇಳಲು ಅವಳಿಗೂ.

"ಅವತ್ತು ನೀನೇ ಕೇಳಿದ್ದಲ್ವೇನೆ, ಉಳಿ ಬೇಕು ಅಂತ?"

ಕೈ ನಿಲ್ಲಿಸದೆ ಅವಳು ತಿರುಗಿ ನೋಡಿದಳು. ಅವಳ ಮುಖದಲ್ಲಿ ಬಚ್ಚಿಡುವವರ ಲಕ್ಷಣ ಹುಡುಕಿದೆ. ಸಿಗಲಿಲ್ಲ.

"ನಾನಾ? ಇಲ್ಲ ಕಣಕ್ಕ. ನಾನ್ಯಾಕ್ ಕೇಳಾನ, ಮಗೀನ್ ಮಡೀಕೊಂಡು? ನೀನೇ ತಂದ್ಕೊಟ್ಟೆ. ನಂಗ್ ಚೆನ್ನಾಗ್ ಗ್ಯಾಪ್ನ ಐತೆ."

"ನಾಲ್ಗೆ ಸತ್ತೋಗೈತೆ ಅಂದೆ ನೀನು. ನಕ್ಕಿದ್ವಿ."

"ಅಂದಿರ್ಬೋದಪ್ಪ. ಅದನ್ನೆಲ್ಲ ಈಗ ಯಾಕೆ. ಮಗ ಚೆನ್ನಾಗವ್ಳಲ್ಲ, ಬುಡು."

ಅವಳು ಮತ್ತೆ ತುರಿಯತೊಡಗಿದಳು. ಮಾತಿನ ಭರದಲ್ಲಿ ಕೈ ಒಂದೇ ಕಡೆ ಒತ್ತಿ ಒತ್ತಿ ಆಡುತ್ತಿತ್ತು. ತಟ್ಟೆಯಲ್ಲಿ ಹಳದಿಯ ಮೇಲೆ ಬಿಳಿ ಬೀಳುತ್ತಿತ್ತು. ಮೊದಲು ಒಂದೆರಡು ಎಳೆ, ಆಮೇಲೆ ಬರೀ ಬಿಳಿಯೇ. ನಾನು ಪಕ್ಕದಲ್ಲೇ ನಿಂತಿದ್ದೆ. ನೋಡುತ್ತಿದ್ದೆ. ಸಾಕು ನಿಲ್ಲಿಸೆ ಎನ್ನಲು ಎಷ್ಟು ಹೊತ್ತು ಬೇಕು. ಅವಳು ಅದನ್ನೆಲ್ಲ ಬಳಿದು ಬೆಣ್ಣೆಗೆ ಹಾಕಿ ಕಲಸಿದಳು.

ಸುಟ್ಟು ಆರಿದ ಮೇಲೆ ಮಗು ಮೊದಲನೆಯದನ್ನು ಕಚ್ಚಿ, "ಕಹಿ ಅಮ್ಮಾ" ಎಂದು ತಟ್ಟೆಗೆ ಉಗುಳಿತು.

"ನೀ ತಿನ್ನಕ್ಕ, ಕಯಿ ಆಗೈತಾ ನೋಡು" ಎಂದಳು ತಂಗಿ.

ಒಂದನ್ನು ಪೂರ್ತಿ ತಿಂದೆ. ಇಲ್ಲ, ಚೆನ್ನಾಗಿದೆ ಎಂದೆ.