ಬಸವಯ್ಯನವರ ನಕಲು ಪ್ರತಿ

ನಂಜನಗೂಡಿನ ತಾಲ್ಲೂಕು ಕಚೇರಿಯ ಎದುರು ಇಪ್ಪತ್ತೆಂಟು ವರ್ಷ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಟ್ಟ ಹುಲ್ಲಹಳ್ಳಿ ಬಸವಯ್ಯನವರಿಗೆ ಒಂದು ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅರ್ಜಿಯನ್ನು ಯಾರಿಗೆ ಬರೆಯುತ್ತೇವೋ ಅವರು ಅದನ್ನು ಓದುವುದಿಲ್ಲ. ಮೇಲಿನವರಿಗೂ ಒಂದು ನಕಲು ಹೋಗಿದೆ ಎಂದು ಗೊತ್ತಾದರೆ ಮಾತ್ರ ಕನ್ನಡಕ ಹುಡುಕುತ್ತಾರೆ. ಹಾಗಾಗಿ ಪಕ್ಕದ ಮನೆಯ ತೆಂಗಿನ ಗರಿ ಕೊಟ್ಟಿಗೆಯ ಮೇಲೆ ಬಿತ್ತೆಂಬ ದೂರಾದರೂ ಸರಿಯೇ, ಅವರ ಅರ್ಜಿಯ ಕೊನೆಯಲ್ಲಿ ತಹಸೀಲ್ದಾರರಿಂದ ಹಿಡಿದು ಮುಖ್ಯಮಂತ್ರಿಯವರೆಗೆ ಪ್ರತಿಗಳ ಪಟ್ಟಿ ಇದ್ದೇ ಇರುತ್ತಿತ್ತು.

ಟೈಪ್‌ರೈಟರಿಗೆ ಗಿರಾಕಿ ಕಡಿಮೆಯಾದ ಮೇಲೆ, ಎರಡು ಸಾವಿರದ ನಾಲ್ಕರಲ್ಲಿ, ಬಸವಯ್ಯ ನಂಜೇಶನ ಸೈಬರ್ ಸೆಂಟರಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಹಿಡಿದರು. ಕಾಲೇಜು ಮಕ್ಕಳಿಗೆ ಇಮೇಲ್ ಬರೆದುಕೊಡುವುದು ಅವರ ಹೊಸ ಕಸುಬು.

ಒಂದು ಶನಿವಾರ ಸಂಜೆ ನಾಲ್ಕಕ್ಕೆ ಅವರದೇ ಊರಿನ ನಯನ ಓಡಿಬಂದಳು. ಮೈಸೂರಿನ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎಸ್ಸಿ. ತಾಯಿಗೆ ಟೈಫಾಯ್ಡ್ ಬಂದು ಹದಿನೈದು ದಿನ ಕಾಲೇಜಿಗೆ ಹೋಗಿರಲಿಲ್ಲ, ಪ್ರಾಜೆಕ್ಟ್ ರಿಪೋರ್ಟು ಮುಗಿದಿರಲಿಲ್ಲ. ಒಂದು ವಾರ ಸಮಯ ಬೇಕಾದವರು ಶನಿವಾರದೊಳಗೆ ಇಮೇಲ್ ಮಾಡಿ ಕೇಳಬೇಕು, ಇಲ್ಲವಾದರೆ ಹಾಲ್ ಟಿಕೆಟ್ ಇಲ್ಲ ಎಂದು ಮೇಷ್ಟ್ರು ಜಯತೀರ್ಥ ಹೇಳಿಬಿಟ್ಟಿದ್ದರು.

"ಇಮೇಲ್ ಎಂಗೆ ಬರೀಬೇಕು ಅಂತ್ಲೇ ಗೊತ್ತಿಲ್ಲ ದೊಡ್ಡಪ್ಪ. ಏನಾರ ಎಡವಟ್ಟಾದ್ರೆ ಒಂದು ವರ್ಷ ಓಯ್ತದೆ."

"ಸುಮ್ಕೆ ಕೂತ್ಕೊ ಮಗ. ನಾನಿಲ್ವಾ?"

ಬಸವಯ್ಯ ಶ್ರೀ ನಂಜುಂಡೇಶ್ವರ ಪ್ರಸನ್ನದಿಂದ ಶುರು ಮಾಡಿದರು. ಮೇಷ್ಟ್ರ ಪಾದಗಳಿಗೆ ಇಂಗ್ಲಿಷಿನಲ್ಲೇ ಅಡ್ಡಬಿದ್ದರು. ಏಳು ದಿನದೊಳಗೆ ಕ್ರಮ ಕೈಗೊಳ್ಳದಿದ್ದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ ಎಂದು ಮುಗಿಸಿದರು. ಆಮೇಲೆ ವಿಳಾಸದ ಕೆಳಗೆ ಅದುವರೆಗೆ ಗಮನಿಸದಿದ್ದ ಸಿಸಿ ಎಂಬ ಖಾನೆ ಕಣ್ಣಿಗೆ ಬಿತ್ತು. ಏನದು ಎಂದು ನಂಜೇಶನನ್ನು ಕೇಳಿ ತಿಳಿದ ಮೇಲಂತೂ ಮುಖ ಅರಳಿತು.

"ಬಿಳೀ ಜನುಕ್ಕೂ ಬುದ್ಧಿ ಅದೆ ಕಣವ್ವ! ನಕಲಿಗೆ ಅಂತ್ಲೇ ಜಾಗ ಮಡಗವ್ರೆ!"

ನಯನಳ ಬಳಿಯಿದ್ದ ಪ್ರಾಸ್ಪೆಕ್ಟಸ್ ನೋಡಿ ಪ್ರಿನ್ಸಿಪಾಲರನ್ನು ತುಂಬಿದರು. ಇನ್ನೂ ಜಾಗವಿದೆಯಲ್ಲ ಎಂದು ಕಾಲೇಜಿನ ಆಡಳಿತ ಮಂಡಳಿಯನ್ನೂ ತುಂಬಿದರು.

ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲರು ಜಯತೀರ್ಥರನ್ನು ಕರೆಸಿದರು. ಮಧ್ಯಾಹ್ನ ನಯನಳಿಗೆ ಉತ್ತರ ಬಂತು: ನೀನು ಸಮಯ ಕೇಳಿದ್ದೀಯೋ, ನನ್ನ ಮೇಲೆ ದೂರು ಕೊಟ್ಟಿದ್ದೀಯೋ? ರಿಪೋರ್ಟಿಗೆ ನಾನು ಸಹಿ ಮಾಡುವುದಿಲ್ಲ.

ಸೆಂಟರಿಗೆ ಬಂದು ಅಳುತ್ತ ನಿಂತ ಹುಡುಗಿಯ ಮುಂದೆ ಬಸವಯ್ಯ ಆ ಉತ್ತರವನ್ನು ಎರಡು ಸಲ ಓದಿದರು. ಅವರಿವರ ಜಮೀನು, ಪಿಂಚಣಿ ಎಲ್ಲ ಗೆದ್ದುಕೊಟ್ಟವರು ಊರಿನ ಮಗುವಿನ ವರ್ಷವನ್ನೇ ಹಾಳುಮಾಡಿದ್ದರು. ನಾಚಿಕೆಯಾಯಿತು. ಮೆಲ್ಲನೆ ಕುರ್ಚಿ ಬಿಟ್ಟು ಎದ್ದರು.

"ನೀನೇ ಬರಿ ಮಗ. ನನ್ತಾವ ಎಂಗಂದ್ಯೋ ಅಂಗೇ ಬರಿ."

ನಯನ ಐದೇ ಸಾಲು ಬರೆದಳು. ಅಮ್ಮನ ಜ್ವರ, ಉಳಿದಿರುವ ಎರಡು ಅಧ್ಯಾಯ, ಮುಂದಿನ ಸೋಮವಾರ ತಂದುಕೊಡುವ ಮಾತು, ಹಿಂದಿನ ಪತ್ರಕ್ಕೆ ಕ್ಷಮೆ. ಸಿಸಿ ಖಾನೆ ಖಾಲಿ ಬಿದ್ದಿತ್ತು. ಅದನ್ನು ನೋಡಲಾರದೆ ಬಸವಯ್ಯ ಪಕ್ಕದ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತರು.

ಅಂದೇ ಸಂಜೆ ಒಂದು ವಾರದ ಸಮಯ ಸಿಕ್ಕಿತು. ಬಸವಯ್ಯ ರಟ್ಟಿನ ಮೇಲೆ "ಇಮೇಲಿಗೆ ನಕಲು ಹಾಕುವುದಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು ಕಂಪ್ಯೂಟರಿನ ಮೇಲೆ ತೂಗುಹಾಕಿದರು.

ನಯನಳ ರಿಪೋರ್ಟಿಗೆ ಸಹಿ ಬಿದ್ದ ಮಾರನೆಯ ವಾರ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಒಬ್ಬರು ಸೆಂಟರಿಗೆ ಬಂದರು.

"ನಾನು ಜಯತೀರ್ಥ. ನಯನಳ ಮೊದಲನೇ ಇಮೇಲ್ ಬರೆದವರು ನೀವೇನಾ?"

ಬಸವಯ್ಯ ಧಡಕ್ಕನೆ ಎದ್ದು ಕೈಮುಗಿದರು. "ತಪ್ಪಾಯ್ತು ಸಾ. ಆ ಎಣ್ಮಗೀದು ಏನೂ ತಪ್ಪಿಲ್ಲ."

ಜಯತೀರ್ಥ ಆಚೀಚೆ ನೋಡಿ, ಕುರ್ಚಿ ಹತ್ತಿರಕ್ಕೆಳೆದು, ದನಿ ತಗ್ಗಿಸಿದರು.

"ಲ್ಯಾಬಿಗೆ ನಲ್ಲಿ ಹಾಕಿಸಿ ಅಂತ ಪ್ರಿನ್ಸಿಪಾಲರಿಗೆ ಮೂರು ವರ್ಷದಿಂದ ಬರೀತಿದ್ದೀನಿ ಕಣ್ರೀ. ತುಂಬ ಮರ್ಯಾದೆಯಿಂದ. ಒಂದಕ್ಕೂ ಉತ್ತರ ಇಲ್ಲ. ನಿಮ್ಮದೊಂದು ಇಮೇಲಿಗೆ ಸೋಮವಾರ ಗಂಟೆ ಹೊಡೆಯೋ ಮೊದಲೇ ನನ್ನನ್ನ ಕರೆಸಿದ್ರು!"

ಬಸವಯ್ಯ ಕೈ ಚಾಚಿ ರಟ್ಟನ್ನು ಗೋಡೆಯ ಕಡೆಗೆ ತಿರುಗಿಸಿದರು.

"ಪ್ರಿನ್ಸಿಪಾಲ್ರ ಮೇಲೆ ಯಾರ್ಯಾರವ್ರೆ, ಒಬ್ಬೊಬ್ರಾಗಿ ಬರ್ಸಿ ಸಾ."