ಮುರುಕಿನ ಮೇಲೆ ಹೆಬ್ಬೆರಳು

ಮೊನ್ನೆ ಕುಶಾಲನಗರದಲ್ಲಿ, ನಾನು ಹಿಂದೆ ಕೆಲಸ ಮಾಡುತ್ತಿದ್ದ ಸಹಕಾರ ಸಂಘಕ್ಕೆ ಹೋಗಿದ್ದೆ. ಕೌಂಟರಿನ ಹುಡುಗಿಯ ಕಂಪ್ಯೂಟರಿನಲ್ಲಿ ಕಾಣುತ್ತಿದ್ದ ಪರದೆ ನಾನೇ ಮಾಡಿದ್ದು. ನಾನು ನಿವೃತ್ತನಾಗಿ ಇಷ್ಟು ವರ್ಷವಾದರೂ ಆ ಪ್ರೋಗ್ರಾಂ ಗೊಣಗದೆ ಓಡುತ್ತಿದೆ. ಎಲ್ಲ ಹಾಗೇ ಇತ್ತು, ಒಂದು ಬಿಟ್ಟು. ಪರದೆಯ ಚೌಕಟ್ಟಿನ ಗೆರೆಯಲ್ಲಿ, ಕೆಳಗಿನ ಎಡಮೂಲೆಯಲ್ಲಿ, ನಾನು ಬೇಕೆಂದೇ ಬಿಟ್ಟಿದ್ದ ಸಣ್ಣ ಮುರುಕನ್ನು ಯಾರೋ ಮುಚ್ಚಿದ್ದರು.

ಕೇಳಿದ್ದಕ್ಕೆ, ತಾನೇ ಸರಿ ಮಾಡಿದ್ದೆಂದು ಹುಡುಗಿ ಹೇಳಿದಳು. ಮೂಲ ಫಾರಂ ಒಂದರಲ್ಲಿ ಗೆರೆ ಕೂಡಿಸಿದಳಂತೆ, ಅದರಿಂದ ಹುಟ್ಟಿದ ನಲವತ್ತು ಪರದೆಗಳಲ್ಲೂ ತಾನಾಗಿ ಕೂಡಿಕೊಂಡಿತಂತೆ. ಅಷ್ಟರಲ್ಲಿ ಪಕ್ಕದ ಮೇಜಿನವರು ಯಾವುದೋ ಕಾಗದಕ್ಕೆ ಸೀಲು ಒತ್ತಿದರು. ಸ್ಟ್ಯಾಂಪ್ ಪ್ಯಾಡಿನ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿಯಿತು... ನಮ್ಮ ದೊಡ್ಡ ರೈಟರು ಎದುರು ಬಂದು ನಿಂತ ಹಾಗಾಯಿತು.

ಸಿದ್ದಾಪುರದ ಆಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ದೊಡ್ಡ ರೈಟರು, ನಾನು ಚಿಕ್ಕ ರೈಟರು. ರೈಟರೆಂದರೆ ಕತೆ ಬರೆಯುವವರಲ್ಲ, ತೋಟದ ಗುಮಾಸ್ತರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಸರ್ಕಾರಿ ಕಾಗದಗಳ ತಲೆಬರಹ ಬದಲಾಗಿತ್ತು, ಕೆಳಗಿನ ಕಾಟ ಮಾತ್ರ ಹಳೆಯದೇ. ನಾನು ಸಂಪಾಜೆ ಕಡೆಯಿಂದ, ಎಸ್ಸೆಸ್ಸೆಲ್ಸಿ ಪಾಸಾದ ಜಂಬದ ಸಮೇತ ಬಂದಿದ್ದೆ. ಅವರು ಕುಶಾಲನಗರದ ಹತ್ತಿರದ ರೈತರ ಮನೆಯವರು, ಐವತ್ತರ ಆಸುಪಾಸು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು.

ತೋಟದ ಲೈನು ಮನೆಗಳಲ್ಲಿದ್ದ ಕೂಲಿಯವರು ತಮಿಳು, ಮಲಯಾಳ, ತುಳು, ಎಲ್ಲ ಮಾತಿನವರು. ಓದು ಬಂದವರು ಬೆರಳೆಣಿಕೆ. ಅವರಿಗಾಗಿ ದೊಡ್ಡ ರೈಟರು ಕಿತ್ತುಹಾಕಿದ ಹಳೆ ಕಾಫಿ ಗಿಡಗಳ ಬೊಡ್ಡೆಯಿಂದ ಅಚ್ಚುಗಳನ್ನು ಕೆತ್ತಿಟ್ಟಿದ್ದರು. ಒಂದು ಬುಟ್ಟಿ, ಅಂದರೆ ಪಿಕಿಂಗ್, ಕಾಫಿ ಹಣ್ಣಿನ ಕೊಯ್ಲು. ಒಂದು ಕತ್ತಿ, ಅಂದರೆ ಕಳೆ ಕೆಲಸ. ಒಂದು ಲೋಟ, ಅಂದರೆ ಔಷಧಿ. ಇವಕ್ಕೆಲ್ಲ ಮೇಲೆ ಒಂದು ತಾಯಚ್ಚು. ಬರೀ ಚೌಕಟ್ಟು, ಒಳಗೆ ಎರಡು ಖಾಲಿ ಮನೆ, ಚಿತ್ರಕ್ಕೊಂದು, ಹೆಬ್ಬೆಟ್ಟಿಗೊಂದು. ಯಾವ ಚೀಟಿಯಾದರೂ ಮೊದಲು ತಾಯಚ್ಚು ಬೀಳಬೇಕು.

ಬಂದ ವಾರವೇ ನಾನು ಸ್ಕೇಲು ಹಿಡಿದು ಹೊಸ ರಜಾ ಚೀಟಿಯೊಂದಕ್ಕೆ ಗೆರೆ ಎಳೆಯುತ್ತ ಕೂತಿದ್ದೆ. ಅವರು ಸ್ಕೇಲು ಕಿತ್ತುಕೊಂಡರು.

"ಮೊದಲಿಂದ ಬರೀತಾ ಕೂರಬ್ಯಾಡ ಕಣಯ್ಯ. ತಾಯಚ್ಚು ಒತ್ತು, ಬೇಕಾದ್ದಷ್ಟೇ ಸೇರಿಸು. ತಾಯಿಯಂತೆ ಮಗಳು, ನೂಲಿನಂತೆ ಸೀರೆ."

ಆ ತಾಯಚ್ಚಿನ ಕೆಳಗಿನ ಎಡಮೂಲೆ ಒಡೆದಿತ್ತು. ಒತ್ತಿದ ಕಡೆಯೆಲ್ಲ ಅಲ್ಲಿ ಗೆರೆ ತುಂಡಾಗಿ ಬೀಳುತ್ತಿತ್ತು. ನನಗೋ ಅದು ಕಣ್ಣಿಗೆ ಕಸ. ಒಂದು ಮಧ್ಯಾಹ್ನ ಅವರು ಸಿದ್ದಾಪುರಕ್ಕೆ ಹೋದಾಗ, ಕಾಗದಕ್ಕೆ ಮುದ್ರೆ ಹಾಕುವ ಅರಗು ಕರಗಿಸಿ ಮುರುಕಿಗೆ ತುಂಬಿ, ಬ್ಲೇಡಿನಿಂದ ಹೆರೆದು ನಯ ಮಾಡಿದೆ. ಡಿಸ್ಪೆನ್ಸರಿಯ ಕಾಂಪೌಂಡರು ಚೀಟಿ ಕೇಳಿ ಕಳಿಸಿದ್ದರು. ಅದೇ ಅಚ್ಚಿನಲ್ಲಿ ಒಂದು ಕಟ್ಟು ಒತ್ತಿ ಕೊಟ್ಟೆ. ದೊಡ್ಡ ರೈಟರು ನೋಡಿ ಭೇಷ್ ಅಂದಾರೆಂದು ಕಾದೆ.

ಔಷಧಿಯ ಚೀಟಿಯಲ್ಲಿ ಲೋಟ ನೆಟ್ಟಗಿದ್ದರೆ ಕುಡಿಯುವ ಮದ್ದು, ಬೋರಲಾಗಿದ್ದರೆ ಹಚ್ಚುವ ಮದ್ದು. ಇಷ್ಟು ನನಗೆ ಗೊತ್ತಿತ್ತು. ಅಕ್ಷರ ಬಾರದವರಿಗೆ ಚೀಟಿಯ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುವುದು ಹೇಗೆ ಎಂದು ಮಾತ್ರ ನಾನು ಯೋಚಿಸಿರಲಿಲ್ಲ. ಕೂಲಿಯವರು ಮುರುಕಿನ ಮೇಲೆ ಎಡಗೈ ಹೆಬ್ಬೆರಳಿಟ್ಟು ಚೀಟಿ ಹಿಡಿಯುತ್ತಿದ್ದರು. ಹಿಂದೆ ಯಾವಾಗಲೋ ಅಚ್ಚು ಬಿದ್ದು ಮೂಲೆ ಒಡೆದಿತ್ತಂತೆ, ಕೂಲಿಯವರು ತಾವಾಗಿಯೇ ಅದನ್ನು ಗುರುತು ಮಾಡಿಕೊಂಡಿದ್ದರಂತೆ. ಅದನ್ನು ನೋಡಿ ದೊಡ್ಡ ರೈಟರು ಆಮೇಲೆ ಕೆತ್ತಿದ ಹೊಸ ತಾಯಚ್ಚಿಗೂ ಅದೇ ಜಾಗದಲ್ಲಿ ಬೇಕೆಂದೇ ಮುರುಕು ಕೊಟ್ಟಿದ್ದರು. ನಾನು ಮುಚ್ಚಿದ್ದು ಅದನ್ನು.

ಮರುದಿನ ಪಿಕಿಂಗಿನ ಒಬ್ಬ ತಮಿಳು ಹೆಂಗಸು, ನಾಲ್ಕು ವರ್ಷದ ಮಗನಿಗೆ ನೆಗಡಿಯೆಂದು, ಎದೆಗೆ ಹಚ್ಚುವ ಎಣ್ಣೆ ಒಯ್ದಳು. ಚೀಟಿಯನ್ನು ತಲೆಕೆಳಗು ಹಿಡಿದಳು. ಬೋರಲು ಲೋಟ ನೆಟ್ಟಗೆ ಕಂಡಿತು. ಚಮಚದಲ್ಲಿ ಕುಡಿಸಿದಳು.

ಮಗುವನ್ನು ಎಸ್ಟೇಟಿನ ಲಾರಿಯಲ್ಲಿ ಆಸ್ಪತ್ರೆಗೆ ಒಯ್ದರು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಮಗು ಉಳಿಯಿತು ಎಂಬ ಸುದ್ದಿ ಬಂದಾಗ ನಾನು ಗೋದಾಮಿನ ಹಿಂದೆ ಹೋಗಿ ಅತ್ತೆ. ಆ ಹೆಂಗಸು ಚೀಟಿ ಹಿಡಿದು ನೇರ ಆಫೀಸಿಗೆ ಬಂದಳು. ಮ್ಯಾನೇಜರು, ದೊಡ್ಡ ರೈಟರು, ನಾನು, ಮೂವರೂ ಇದ್ದೆವು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಯ್ಯಾ, ಇದ್ರಲ್ಲಿ ಮುರುಕು ಇಲ್ಲ. ನಾನು ಬೆರಳು ಎಲ್ಲಿ ಇಡಬೇಕು?"

ಮುಚ್ಚಿದವರು ಯಾರೆಂದು ಮ್ಯಾನೇಜರು ಕೇಳಿದರು. ದೊಡ್ಡ ರೈಟರು ಅಚ್ಚು ತೆಗೆದು, ಅರಗಿನ ಮೇಲೆ ಉಗುರಾಡಿಸಿ, ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಬಾಯಿ ತೆರೆದಿದ್ದರೆ ಎರಡು ಶಬ್ದದ ಕೆಲಸ...

"ನಾನೇ ಸಾರ್. ನೋಡೋಕೆ ಚೆನ್ನಾಗಿರ್ಲಿ ಅಂತ," ಎಂದರು ಅವರು.

ಆ ವಾರವೇ ಅವರನ್ನು ಕೆಲಸದಿಂದ ತೆಗೆದರು. ಟ್ರಂಕು ಹೊತ್ತು ಬಸ್ಸಿನವರೆಗೆ ಹೋದೆ. ಅವರು ಅರಗೆಲ್ಲ ಕೆರೆದು ತೆಗೆದಿದ್ದ ತಾಯಚ್ಚನ್ನು ನನ್ನ ಕೈಗಿಟ್ಟರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

"ಮುರುಕು ಯಾಕೆ ಅಂತ ನಿಂಗೆ ಹೇಳ್ಕೊಡದೆ ಇದ್ದೋನು ನಾನು," ಎಂದರು. "ತಪ್ಪು ಅಲ್ಲಿಂದಲೇ ಬಂತು."

ಬಸ್ಸು ಹೋಯಿತು. ನಾನು ವಾಪಸು ಬಂದು ಅವರ ಕುರ್ಚಿಯಲ್ಲಿ ಕೂತೆ. ಹೇಡಿ ನಾನು, ಬೇರೆ ಹೆಸರಿಲ್ಲ.

ಬಹಳ ವರ್ಷಗಳಾದ ಮೇಲೆ, ಸಂಘದ ಕೆಲಸ ಹಿಡಿದು ಕುಶಾಲನಗರಕ್ಕೆ ಬಂದಾಗ ಅವರನ್ನು ಹುಡುಕಿಕೊಂಡು ಹೋದೆ. ಅವರ ತಮ್ಮನ ಮಗ ಜಗಲಿಯಲ್ಲಿ ಕೂರಿಸಿ, ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಯಿತು ಎಂದ. ಕಾಫಿ ಕೊಟ್ಟ. ಕುಡಿದು ಬಂದೆ.

ಸಂಘಕ್ಕೆ ಕಂಪ್ಯೂಟರ್ ಬಂದಾಗ ನನಗೆ ಐವತ್ತು ದಾಟಿತ್ತು. ಹಟ ಹಿಡಿದು ಮೈಸೂರಿಗೆ ತರಬೇತಿಗೆ ಹೋದೆ. ಅಲ್ಲಿ ಮೀಸೆ ಚಿಗುರುತ್ತಿದ್ದ ಮೇಷ್ಟ್ರು ಪಾಠ ಮಾಡಿದರು. ಒಮ್ಮೆ ಮಾಡಿದ ಬಟನ್ನನ್ನು, ಹೆಸರು ಬರೆಯುವ ಪೆಟ್ಟಿಗೆಯನ್ನು ಬೇಕಾದ ಪರದೆಯಲ್ಲೆಲ್ಲ ಮತ್ತೆ ಬಳಸಬಹುದು. ಒಂದು ಮೂಲ ಫಾರಂ ಮಾಡಿಟ್ಟರೆ ಉಳಿದ ಫಾರಂಗಳು ಅದರ ರೂಪ, ಗುಣ ಎಲ್ಲ ಪಡೆದೇ ಹುಟ್ಟುತ್ತವೆ. ತಾಯಿಯಲ್ಲಿ ತಿದ್ದಿದರೆ ಮಕ್ಕಳಲ್ಲೂ ತಿದ್ದಿಕೊಳ್ಳುತ್ತದೆ. ಜತೆಯವರು ಕಣ್ಣು ಬಾಯಿ ಬಿಟ್ಟರು. ನನಗೆ ಮಾತ್ರ ಅಜ್ಜಿಗೆ ಕೆಮ್ಮು ಕಲಿಸಿದ ಹಾಗಿತ್ತು. ಊರಿಗೆ ಬಂದು ಮೊದಲ ಮೂಲ ಫಾರಂ ಮಾಡಿದಾಗ, ಕೆಳಗಿನ ಎಡಮೂಲೆಯಲ್ಲಿ ಮುರುಕು ಬಿಟ್ಟೆ. ಕೇಳಿದವರಿಗೆಲ್ಲ, ಅದು ಹಾಗೇ ಇರಲಿ ಎಂದೆ. ಯಾಕೆಂದು ನಾನೂ ಯಾರಿಗೂ ಹೇಳಲಿಲ್ಲ.

ಮೊನ್ನೆ ಆ ಹುಡುಗಿಗೆ ಹೇಳಿದೆ. ಅರಗು ತುಂಬಿದವನು ನಾನು ಎಂಬುದನ್ನೂ ಹೇಳಿದೆ, ಜೀವಮಾನದಲ್ಲಿ ಮೊದಲ ಸಲ. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ಅವಳು ಕೀಬೋರ್ಡು ಹತ್ತಿರ ಎಳೆದುಕೊಂಡು, "ಒಂದೇ ಕಡೆ ಬದಲಾಯಿಸಿದ್ರೆ ಸಾಕಲ್ವಾ ಸಾರ್, ವಾಪಸ್ ಹಾಕ್ತೀನಿ," ಎಂದಳು.

ಹಾಕಿದಳು. ನಲವತ್ತು ಪರದೆಗಳಲ್ಲೂ ಮುರುಕು ಮರಳಿ ಬಂತು. ನಾನು ಕೌಂಟರಿನ ಮೇಲಿಂದ ಬಗ್ಗಿ ಎಡಗೈ ಹೆಬ್ಬೆರಳನ್ನು ಅದರ ಮೇಲಿಟ್ಟೆ. 'ನಾನೇ ಸಾರ್' ಎಂಬ ಆ ಎರಡು ಶಬ್ದ ಕೇಳಬೇಕಾಗಿದ್ದ ದೊಡ್ಡ ರೈಟರು ಮಾತ್ರ ಇರಲಿಲ್ಲ.